ದಾಸುವಿನ ರಕ್ತದಲ್ಲಿ ಕಾಣದ ಗುರುತು

ರಾಯಪುರಂ, ಚೆನ್ನೈ
ಡಿಸೆಂಬರ್ ೨೦೦೩

ನನ್ನ ದಾಸೂ,

ಓದು ಕಲಿಯುವಷ್ಟು ಕಾಲ ನೀನು ಇರಲೇ ಇಲ್ಲ. ಆದರೂ ನಿನಗೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಹೊರಟರೂ ನಡುವೆಯೇ ತಡೆದು ಸಮಾಧಾನ ಮಾಡುತ್ತಾರೆ.

ನಿನಗಿಂತ ಮೊದಲು, ತೊಂಬತ್ತೊಂಬತ್ತರಲ್ಲಿ, ನಿನ್ನ ಅಣ್ಣ ಶೀನ ಹುಟ್ಟಿದ್ದ. ಐದು ತಿಂಗಳಿಗೇ ಎದೆಯಲ್ಲಿ ಕಫ ಕಟ್ಟಿ, ಬಾಯಿ ತುಂಬ ಬಿಳಿ ಹುಣ್ಣಾಗಿ ಹೋಗಿಬಿಟ್ಟ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ನಿನ್ನ ಅಜ್ಜಿ, ಅಪ್ಪನ ಅಮ್ಮ, ನನ್ನ ಹಾಲಿನಲ್ಲೇ ಏನೋ ದೋಷವಿದೆ ಎಂದು ನಂಬಿಕೊಂಡರು. ನೀನು ಹುಟ್ಟಿದ ಕೆಲವೇ ದಿನಕ್ಕೆ ಡಬ್ಬಿ ಹಾಲು ತರಿಸಿದರು. "ಈ ಕೂಸನ್ನಾದ್ರೂ ಉಳಿಸ್ಕೊಳ್ಳೋಣಮ್ಮಾ," ಎಂದು ನನ್ನ ಕೈ ಹಿಡಿದು ಅತ್ತರು. ಸಿಟ್ಟು ಮಾಡಿದ್ದರೆ ಎದುರಾಡುತ್ತಿದ್ದೆನೇನೋ. ನೀನು ಅತ್ತಾಗಲೆಲ್ಲ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದೆ.

ನಿನಗೂ ಕಫ ಕಟ್ಟಿತು. ಹಾರ್ಬರ್ ಆಫೀಸಿಗೆ ರಜೆ ಹಾಕಿ ಅಪ್ಪ ನಿನ್ನನ್ನು ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಅಲ್ಲಿ ಡಾಕ್ಟರ್ ನಾಗಮಣಿ ಸಿಕ್ಕರು. ಅವರ ತಂದೆ ರೈಲ್ವೆಯಲ್ಲಿದ್ದವರಂತೆ, ಮನೆಮಾತು ಕನ್ನಡ. ಶೀನನ ಕಥೆ ಕೇಳಿದ ಬೇರೆ ಡಾಕ್ಟರುಗಳು ಪಾಪ ಎಂದು ಸುಮ್ಮನಾಗಿದ್ದರು. ಇವರು ಮಾತ್ರ ಅವನಿಗೆ ಏನೇನಾಗಿತ್ತೆಂದು ಕೆದಕಿ ಕೆದಕಿ ಕೇಳಿ, ನಿನ್ನ ರಕ್ತವನ್ನು ಲ್ಯಾಬಿಗೆ ಕಳಿಸಿದರು.

ರಕ್ತದ ಬಿಳಿ ಕಣಗಳಲ್ಲಿ ಹಲವು ಜಾತಿಗಳಂತೆ. ಒಂದೊಂದು ಜಾತಿಯ ಮೈಮೇಲೂ ಅದರದೇ ಗುರುತು. ಆ ಗುರುತನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಎಂಬುದನ್ನು ಪುಟ್ಟ ಸೀಸೆಗಳಲ್ಲಿ ತರಿಸುತ್ತಾರೆ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಕಣ ಇದ್ದರೆ ಬಣ್ಣ ಹೊಳೆದು ಕಂಪ್ಯೂಟರಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಡಾಕ್ಟರ್ ನಮ್ಮನ್ನು ಒಳಗೆ ಕರೆದು ತೋರಿಸಿದರು. ರೋಗದೊಡನೆ ಹೋರಾಡುವ ಕಣಗಳು ಇರಬೇಕಾದ ಮೂಲೆ ಖಾಲಿಯಿತ್ತು. "ಇಂಗೆ ಯಾರುಮೇ ಇಲ್ಲೈ," ಎಂದು ತಮಿಳಿನಲ್ಲಿ ತಮ್ಮಷ್ಟಕ್ಕೇ ಅಂದುಕೊಂಡು, ಆಮೇಲೆ ನನ್ನತ್ತ ತಿರುಗಿದರು. "ಇಲ್ಲಿ ಯಾರೂ ಇಲ್ಲಮ್ಮ. ಹಾಲು ಕುಡಿಸ್ತಾ ಇದ್ದೀರಾ?"

ಇಲ್ಲ ಎಂದೆ.

"ಕುಡಿಸಿದ್ರೆ ಸ್ವಲ್ಪ ಕಾವಲಿರ್ತಿತ್ತು," ಎಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಅಷ್ಟರಲ್ಲಿ ನನ್ನ ಹಾಲು ಬತ್ತಿಹೋಗಿತ್ತು.

ಹೊಂದುವ ಅಸ್ಥಿಮಜ್ಜೆ ಸಿಕ್ಕಿದರೆ ನೀನು ಉಳಿಯಬಹುದಿತ್ತು. ಒಡಹುಟ್ಟಿದವರದ್ದಾದರೆ ಒಳ್ಳೆಯದೆಂದರು. ನಿನ್ನ ಒಡಹುಟ್ಟಿದವನು ಮಣ್ಣಿನಲ್ಲಿದ್ದ. ರೋಗ ಯಾವುದೆಂದು ಖಚಿತವಾಗಿ ಹೇಳಲು ಇನ್ನೊಂದು ಗುರುತನ್ನು ನೋಡಬೇಕಿತ್ತು. ಅದರ ಆಂಟಿಬಾಡಿ ಊರಿನಲ್ಲಿರಲಿಲ್ಲ, ಹೊರದೇಶದಿಂದ ಐಸಿನಲ್ಲಿಟ್ಟು ಬರಬೇಕಿತ್ತು. ಅದು ಬರುವವರೆಗೆ ನಿನ್ನ ರಕ್ತದಲ್ಲಿದ್ದ ಉಳಿದ ಜಾತಿಯ ಕಣಗಳನ್ನು ಹೆಪ್ಪುಗಟ್ಟಿಸಿ ಇಟ್ಟರು. ನೀನು ಮಾತ್ರ ಕಾಯಲಿಲ್ಲ. ಒಂದು ಬೆಳಿಗ್ಗೆ ನನ್ನ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಉಸಿರು ಬಿಟ್ಟೆ. ಬೆರಳು ಬಿಡಿಸಿದ್ದು ಅಪ್ಪ. ಸುಡುವ ವಯಸ್ಸಲ್ಲವೆಂದು ಹೂಳಿದರು. ನನ್ನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ.

ಸೀಸೆ ಬಂದದ್ದು ಆಮೇಲೆ. ಇಟ್ಟಿದ್ದ ಕಣಗಳ ಮೇಲೆ ಆ ಗುರುತು ಇರಲಿಲ್ಲ. ತಾಯಿಯಿಂದ ಗಂಡುಮಕ್ಕಳಿಗೆ ಇಳಿದು ಬರುವ ರೋಗವಂತೆ. ತಾಯಿಗೆ ಏನೂ ಆಗುವುದಿಲ್ಲವಂತೆ. "ನಿಮ್ಮ ತಪ್ಪಲ್ಲ ರೀ. ಕಣ್ಣಿನ ಬಣ್ಣ ಬಂದ ಹಾಗೆ ಇದೂ ಬರತ್ತೆ," ಎಂದರು ಡಾಕ್ಟರ್. ನನಗೆ ಏನೂ ಆಗಿಲ್ಲವೆಂದರೆ ಹೇಗೆ, ದಾಸು?

ಸಂಜೆ ಅಪ್ಪ ಅದನ್ನು ಅಜ್ಜಿಗೆ ಹೇಳಿದರು. ಅಜ್ಜಿ ಒಂದೇ ಮಾತು ಕೇಳಿದರು.

"ಹಾಗಾದ್ರೆ ಹಾಲು?"

"ಹಾಲು ಒಳ್ಳೇದೇ ಇತ್ತಮ್ಮ," ಎಂದರು ಅಪ್ಪ.

ಅಜ್ಜಿ ಅಂದು ಊಟಕ್ಕೆ ಏಳಲಿಲ್ಲ. ಕರೆಯುವ ಮನಸ್ಸು ನನಗೂ ಬರಲಿಲ್ಲ.

ಆಗ ನನ್ನ ತಂಗಿ ಭಾವನಾ ಬಸುರಿ. ನನ್ನ ಅಮ್ಮನಿಗೂ ಒಂದು ಗಂಡುಮಗು ಹುಟ್ಟಿ, ಜ್ವರದಲ್ಲಿ ಹೋಯಿತೆಂದು ಕೇಳಿದ್ದೆ. ಅದು ಬರೀ ಜ್ವರವಲ್ಲವೆಂದೂ, ಅಮ್ಮನಿಂದ ನನಗೆ ಬಂದದ್ದು ಭಾವನಾಳಿಗೂ ಬಂದಿರಬಹುದೆಂದೂ ಆಗ ಅರ್ಥವಾಯಿತು. ತುಂಬು ಬಸುರಿಗೆ ಇಂಥದ್ದನ್ನು ಹೇಳುವುದಾದರೂ ಹೇಗೆ? ಹೇಳಿದೆ. ಅವಳು ನನ್ನನ್ನು ಬೈದಳು, ಫೋನ್ ಇಟ್ಟಳು, ಮಾರನೇ ದಿನ ತಾನೇ ಡಾಕ್ಟರ್ ನಾಗಮಣಿಯವರ ಬಳಿ ಹೋದಳು.

ಮೊನ್ನೆ ಅವಳಿಗೆ ಗಂಡು ಹುಟ್ಟಿತು. ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷೆ ಮಾಡಿದರು. ಇವತ್ತು ರಿಪೋರ್ಟ್ ನೋಡಿದೆ, ಎಲ್ಲ ಗುರುತುಗಳೂ ಇವೆ. ಭಾವನಾ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಎತ್ಕೋ ಅಕ್ಕಾ, ಭಯ ಬೇಡ," ಎಂದಳು. ಎತ್ತಿಕೊಂಡೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಕೋಣೆಯಲ್ಲಿ ಯಾರೂ ನಿನ್ನ ಹೆಸರು ಎತ್ತಲಿಲ್ಲ. ಶುಭದ ಹೊತ್ತಿನಲ್ಲಿ ಎತ್ತಬಾರದೇನೋ.

ಬರುವಾಗ ಬಸ್ಸಿನಲ್ಲಿ ಅಪ್ಪ, ಈಗ ಪರೀಕ್ಷೆ ಇದೆಯಲ್ಲ, ನಾವೂ ಇನ್ನೊಂದು ಮಗು ಎಂದು ಶುರುಮಾಡಿದರು. ಬೇಡ ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ನಮ್ಮ ಸ್ಟಾಪ್ ಬಂದರೂ ಇಬ್ಬರೂ ಏಳಲಿಲ್ಲ.

ಅಣ್ಣನ ಜೊತೆಗಿರು ಕಂದಾ. ಇಬ್ಬರೂ ತಣ್ಣಗಿರಿ.

ಇಬ್ಬರನ್ನು ಹೆತ್ತವಳು,
ಹರಿಪ್ರಿಯಾ