ಮೆಟ್ಟಿಲ ಪಕ್ಕದ ಚಪ್ಪಲಿ

ಪಪ್ಪಾ,

ನೀವು ತೀರಿಕೊಂಡು ಇಷ್ಟು ವರ್ಷಗಳಾದರೂ ಇದನ್ನು ನಿಮಗೇ ಹೇಳಬೇಕು ಅನ್ನಿಸಿತು.

ಇವತ್ತು ಇಲ್ಲಿ ಕೊಲ್ಲಿ ದೇಶದ ಸೊಹಾರ್‌ನ ನಮ್ಮ ಶಾಲೆಯಲ್ಲಿ ಯುರೋಪಿನ ಹಳೆಯ ಸೈನ್ಯಗಳ ಪಾಠ ಮಾಡಿದೆ. ಮುನ್ನೂರು ವರ್ಷಗಳ ಹಿಂದೆ ಪ್ರಷ್ಯ ಎಂಬ ರಾಜ್ಯದಲ್ಲಿ ಹಳ್ಳಿಯ ಹುಡುಗರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸುತ್ತಿದ್ದರು. ಯಾರಾದರೂ ಓಡಿಹೋದರೆ ಇಗರ್ಜಿಯ ಗಂಟೆ ಬಾರಿಸುತ್ತಿದ್ದರು. ಕೇಳಿದವರೆಲ್ಲ ಅವನನ್ನು ಹಿಡಿಯಲು ಹೊರಡಬೇಕು, ಇಲ್ಲದಿದ್ದರೆ ಊರಿಗೇ ದಂಡ.

"ಅವನ ಡ್ಯಾಡಿ ಕೂಡ ಹೋಗ್ಬೇಕಾ ಮಿಸ್?" ಎಂದ ಲಕ್ಷಿತ್.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಯಶ್ಮಿತಾ ಅವನಿಗೆ, "ಚಪ್ಪಲಿ ಸಿಗ್ತಾ ಇಲ್ಲಾಂತ ಹುಡುಕ್ತಾ ಇದ್ರಾಯ್ತು ಮಾರಾಯ. ಅಷ್ಟರಲ್ಲಿ ಮಗ ಗಡಿ ದಾಟಿರ್ತಾನೆ," ಎಂದಳು. ನಮ್ಮೂರ ಕಡೆಯ ಮಕ್ಕಳೆಲ್ಲ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ನಮ್ಮ ಡೆಸ್ಮಂಡ್ ಅಣ್ಣ ಮಿಲಿಟರಿ ತರಬೇತಿಯಿಂದ ಓಡಿಬಂದ ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಜಿ ಉಣ್ಣುತ್ತಿದ್ದ. ಹಿಂಬಾಗಿಲು ತೆರೆದಿತ್ತು. ಸೈನ್ಯದ ನಿವೃತ್ತ ಹವಾಲ್ದಾರರಾದ ನೀವು, "ಪೊಲೀಸರನ್ನು ಕರ್ಕೊಂಡು ಬರ್ತೇನೆ," ಎಂದು ಅವನಿಗೆ ಕೇಳುವಂತೆ ಕೂಗಿ, ಜಗಲಿಗೆ ಬಂದು ನಿಂತಿರಿ.

"ಎಲ್ಲಿ ಹೋಯ್ತು ಮಾರಾಯ್ತಿ ನನ್ನ ಚಪ್ಪಲಿ?" ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಿರಿ.

ಅವತ್ತು ಪೊಲೀಸರು ಅವನನ್ನು ಹಿಡಿದು ವಾಪಸು ಕರೆದೊಯ್ದರು. ಎರಡನೆಯ ಸಲ ಓಡಿದಾಗ ಅವನು ಮನೆಗೆ ಬರಲಿಲ್ಲ. ಎಲ್ಲಿದ್ದಾನೋ ಇಂದಿಗೂ ಗೊತ್ತಿಲ್ಲ.

ಆ ಬೆಳಿಗ್ಗೆ ಚಪ್ಪಲಿ ಎಂದಿನಂತೆ ಮೆಟ್ಟಿಲ ಪಕ್ಕದಲ್ಲೇ ಇತ್ತು ಪಪ್ಪಾ, ನಿಮ್ಮ ಕಾಲ ಬಳಿಯೇ. ನಾನು ಬಗ್ಗಿ, ಅದನ್ನು ಎತ್ತಿ ನಿಮ್ಮ ಮುಂದಿಟ್ಟೆ.