ಚಿಲಕ ಮರೆತ ಬಾಗಿಲು

ಇವಳೇ,

ನೀನಿದ್ದಾಗ ನಿನಗೊಂದು ಕಾಗದ ಬರೆದವನಲ್ಲ ನಾನು. ಒಂದೇ ಮನೆಯಲ್ಲಿ ಇರುವವರಿಗೆ ಕಾಗದ ಯಾಕೆ ಅನ್ನುವ ಉಡಾಫೆ. ಈಗಲೂ ಪ್ರೀತಿ ಉಕ್ಕಿ ಬರೆಯುತ್ತಿಲ್ಲ, ಸಿಕ್ಕಿಬಿದ್ದಿದ್ದೇನೆ, ಅದಕ್ಕೆ.

ಸಂಜೆ ಪ್ರಕಾಶಕರು ಬರುತ್ತಾರೆ. ಹೊಸ ಪುಸ್ತಕದ ಹನ್ನೊಂದು ಚಿತ್ರ ಮುಗಿದಿವೆ, ಕಥೆ ಒಂದು ಸಾಲೂ ಇಲ್ಲ. "ಚಿತ್ರ ಆಯ್ತಲ್ಲ ಸಾರ್, ಕಥೆ ನಿಮಗೆ ನೀರು ಕುಡಿದ ಹಾಗೆ" ಎಂದು ಮೊನ್ನೆ ಫೋನಿನಲ್ಲಿ ನಕ್ಕರು. ನಾನೂ ನಕ್ಕೆ.

ಎಲ್ಲಿಂದ ಎಲ್ಲಿಗೆ ಬಂದೆ ನೋಡು. ನಾಟಕದ ಪರದೆ ಬರೆಯುತ್ತಿದ್ದವನು. ಕಂಪನಿ ಮುಚ್ಚಿದ ಮೇಲೆ ವಾರಪತ್ರಿಕೆಯಲ್ಲಿ ಬೇರೆಯವರ ಕಥೆಗಳಿಗೆ ಚಿತ್ರ. ಆಮೇಲೆ ಮಕ್ಕಳ ಪುಸ್ತಕ. ಕಥೆಗೂ ಚಿತ್ರಕ್ಕೂ ನನ್ನದೇ ಹೆಸರು. ಕಾಲೇಜಿನ ಇಂಗ್ಲಿಷಿನಲ್ಲಿ ಇದಕ್ಕೆ ಪ್ರೋಗ್ರೆಸ್ ಅನ್ನುತ್ತಿದ್ದರೋ ಪ್ರಮೋಷನ್ ಅನ್ನುತ್ತಿದ್ದರೋ. ಬರಹ ಕದಿಯುವುದಕ್ಕೂ ಒಂದು ಪದವಿತ್ತು, ಅದೂ 'ಪ'ದಿಂದಲೇ ಶುರು. ಬಾಯಿಗೆ ಬರುತ್ತಿಲ್ಲ.

ನಮ್ಮ ಕೆಲಸದ ಕ್ರಮ ಯಾರಿಗೂ ಗೊತ್ತಿಲ್ಲ. ಬಣ್ಣ ಒಣಗಲೆಂದು ಚಿತ್ರವನ್ನು ಅಡುಗೆಮನೆಯ ಬೀರುವಿಗೆ ಅಂಟಿಸುತ್ತಿದ್ದೆ. ಪಾತ್ರೆ ಉಜ್ಜುತ್ತಲೇ ನೀನು ನೋಡುತ್ತಿದ್ದೆ. ನಾಟಕದ ಪರದೆಯ ಮೇಲಿನ ಬಾಗಿಲನ್ನು ಯಾರೂ ತೆರೆಯುವುದಿಲ್ಲ, ಹಾಗಾಗಿ ಅದಕ್ಕೆ ಚಿಲಕ ಬರೆಯುವುದಿಲ್ಲ. ಆ ಚಾಳಿ ನನ್ನ ಕೈ ಬಿಡಲೇ ಇಲ್ಲ. "ರೀ, ಮತ್ತೆ ಚಿಲಕ ಮರೆತ್ರಾ? ಪಾಪ, ಆ ಹುಡುಗಿ ಹೊರಗೆ ಹೋಗೋದು ಹ್ಯಾಗೆ? ಗೋಡೆ ತೂರ್ಕೊಂಡಾ?" ಎಂದು ನೀನು ರೇಗುತ್ತಿದ್ದೆ. ಗೋಡೆಯೊಳಗೇ ನಡೆದುಹೋಗುವ ಹುಡುಗಿಯ ಕಥೆ ಹುಟ್ಟಿದ್ದು ಹಾಗೆ. ನೀನು ಹೇಳುತ್ತಾ ಹೋದೆ, ನಾನು ಪೆನ್ಸಿಲಿನಲ್ಲಿ ಗೀಚಿಕೊಂಡೆ.

ಮೊದಲ ಪುಸ್ತಕ ಬಂದ ದಿನ ನೀನು ಒದ್ದೆ ಕೈ ಒರೆಸಿಕೊಂಡು, ಮುಖಪುಟದಲ್ಲಿ ನನ್ನ ಹೆಸರಿನ ಕೆಳಗೆ ಬೆರಳಾಡಿಸಿದೆ. "ಇಲ್ಲಿ ಜಾಗ ಇತ್ತಲ್ರೀ." ಕೇಳಿಸದವನ ಹಾಗೆ ಬ್ರಷ್ ತೊಳೆಯುತ್ತಾ ನಿಂತೆ. ನೀನು ಮತ್ತೆ ಆ ಮಾತೆತ್ತಲಿಲ್ಲ. ಒಂಬತ್ತು ಪುಸ್ತಕ ಬಂದವು.

ಈ ಹನ್ನೊಂದು ಚಿತ್ರಗಳಲ್ಲೂ ಒಂದೇ ಕೋಣೆ. ಒಬ್ಬಳು ಬೆನ್ನು ಮಾಡಿ ಕೂತಿದ್ದಾಳೆ; ಹೆಗಲು ನಿನ್ನದೇ. ಬೆಳಗ್ಗೆ ಬೀರುವಿಗೆ ಅಂಟಿಸಿ ಕಾದೆ. ಯಾರೂ ರೇಗಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಕೊನೆಗೆ ನನಗೇ ಕಾಣಿಸಿತು: ಒಂದು ಬಾಗಿಲಿಗೂ ಚಿಲಕವಿಲ್ಲ.

ಪ್ರಕಾಶಕರಿಗೆ ಫೋನು ಮಾಡಿ ಹೇಳಿಬಿಟ್ಟೆ, ಒಂಬತ್ತೂ ಕಥೆ ನನ್ನ ಹೆಂಡತಿಯದು ಅಂತ. "ಈಗ ಯಾಕೆ ಸಾರ್ ಇದೆಲ್ಲ? ಅಮ್ಮ ಎದ್ದು ಬಂದು ಕೇಳ್ತಾರಾ?" ಎಂದರು. ಅವರನ್ನು ಏನನ್ನಲಿ? ಇಷ್ಟು ವರ್ಷ ನಾನು ನನಗೇ ಹೇಳಿಕೊಂಡ ಸಮಾಧಾನವೂ ಅದೇ ಜಾತಿಯದು: ಅವಳೇನು ಕೇಳುತ್ತಾಳಾ.

ಸಂಜೆ ಅವರು ಕಥೆ ಎಲ್ಲಿ ಅಂದರೆ ಈ ಕಾಗದ ಕೊಡುತ್ತೇನೆ. ಮುಖಪುಟದ ಮೇಲೆ ನಿನ್ನ ಹೆಸರು ಬರೆದಿದ್ದೇನೆ, ಒಂದಕ್ಷರ ಸೊಟ್ಟಗಾಗಿದೆ. ಅವರು ಒಪ್ಪದಿದ್ದರೆ ಚಿತ್ರಗಳು ಬೀರುವಿನ ಮೇಲೆಯೇ ಇರುತ್ತವೆ. ಕೊನೆಯ ಬಾಗಿಲಿಗೆ ಚಿಲಕ ಬರೆದೆ, ಒಳಗಡೆ, ನಿನ್ನ ಕೈಗೆ ಎಟುಕುವಷ್ಟು ಎತ್ತರದಲ್ಲಿ. ಬಣ್ಣ ಇನ್ನೂ ಹಸಿ. ಒಣಗಿದ ಮೇಲೆ ತೆಗೆ.

ಕಾಗದದ ಕೊನೆಗೆ ಯುವರ್ಸ್ ಫೇತ್‌ಫುಲಿ ಅಂತ ಬರೆಯಬೇಕೆಂದು ಕಲಿಸಿದ್ದರು. ಅದನ್ನು ಬರೆಯುವ ಮುಖ ನನಗಿಲ್ಲ. ಹೋದಲ್ಲಿ ಸುಖವಾಗಿರು, ದೊಡ್ಡ ದನಿಯಲ್ಲಿ ಕಥೆ ಹೇಳು.

ನಿನ್ನವನು,
ಬರೀ ಚಿತ್ರ ಬರೆದವನು