ಪೂರ್ತಿ ಹೆಸರು

ಮಾರ್ಚ್ 3, ಬೆಳಿಗ್ಗೆ
ಮಣಿಗಳನ್ನು ಬಣ್ಣವಾರು ವಿಂಗಡಿಸಿ, ಎಂದಿನಂತೆ ಆನ್‌ಲೈನ್ ಕ್ಲಾಸ್ ತೆರೆಯಲು ಕೂತೆ. ಸೈಟಿನವರು ಅಕೌಂಟ್ ಬಂದ್ ಮಾಡಿದ್ದರು. 'ನಿಮ್ಮ ನಿಜವಾದ ಹೆಸರು ಬಳಸಿ.' ವರ್ನಾ ರ‍್ಯಾಬಿಟ್‌ಸ್ಕಿನ್. ಐವತ್ತೆರಡು ವರ್ಷದಿಂದ ನನ್ನ ಹೆಸರು ಇದೇ. ಹನ್ನೊಂದು ವರ್ಷದ ಮಣಿಕಸೂತಿ ಪಾಠ, ಆರುನೂರು ಶಿಷ್ಯೆಯರು, ತೀರಿಹೋದ ಅಕ್ಕನ ಫೋಟೋಗಳು — ಎಲ್ಲ ಅದರೊಳಗೆ.
ಗಂಡ ಲೈಲ್ ನಕ್ಕ. "ಮೊಲದ ಚರ್ಮ ಅಂದ್ರೆ ಯಾರು ನಂಬ್ತಾರೆ? ಮದುವೆ ದಿನ ನಾನೇ ನಂಬಿರ್ಲಿಲ್ಲ." ನನ್ನ ಮುಖ ನೋಡಿ ಎದ್ದು ಹೋದ. ಟೀ ಮಾಡಿ ತಂದ.

ಮಾರ್ಚ್ 5
ಇಲ್ಲಿನ ಮೂಲನಿವಾಸಿಗಳಾದ ನಮ್ಮ ಕ್ರೀ ಬುಡಕಟ್ಟಿನ ಗುರುತಿನ ಕಾರ್ಡ್ ಕಳಿಸಿದೆ. ಜನನ ಪತ್ರವನ್ನೂ. ಉತ್ತರ ಬಂತು — ಯಂತ್ರದ್ದು.

ಮಾರ್ಚ್ 19
ಕೊನೆಗೂ ಒಬ್ಬ ಮನುಷ್ಯ ಬರೆದ. 'ವರ್ನಾ ರ‍್ಯಾಬಿಟ್' ಅಂತ ಹಾಕಿದರೆ ಇವತ್ತೇ ತೆರೆಯುತ್ತಾರಂತೆ. ಅರ್ಧ ಹೆಸರು ಕೊಟ್ಟರೆ ಅಕ್ಕನ ಫೋಟೋ. ಬೆರಳು ಗುಂಡಿಯ ಮೇಲೆಯೇ ಇತ್ತು...
ಒತ್ತಲಿಲ್ಲ.

ಮಾರ್ಚ್ 22
ಲೈಬ್ರರಿ. ಡರ್ಕ್ ಫ್ರೀಸನ್ ಎಂಬ ಪ್ರೋಗ್ರಾಮರ್ ಶನಿವಾರ ಅಲ್ಲಿ ಕೂತು ಕೇಳಿದವರಿಗೆಲ್ಲ ಕಲಿಸುತ್ತಾನೆ.
"ಅವ್ರು ಕೊಟ್ಟ ಗುರುತು, ಅವ್ರೇ ಕಿತ್ಕೋತಾರೆ. ಇಂಟರ್ನೆಟ್‌ನಲ್ಲಿ ನಿಮ್ದೇ ಒಂದು ವಿಳಾಸ ಮಾಡೋಣ. ಒಂದು ಸೈಟ್ ನಿಮ್ಮನ್ನ ಹೊರಗೆ ಹಾಕಿದ್ರೆ, ಅದನ್ನೇ ಹಿಡ್ಕೊಂಡು ಇನ್ನೊಂದಕ್ಕೆ ಹೋಗಿ."
"ಯಾರ ಅಪ್ಪಣೆ ಬೇಕು?"
"ಯಾರದ್ದೂ ಬೇಡ. ಆದ್ರೆ ಅದರ ಕೀ, ಅಂದ್ರೆ ಗುಟ್ಟಿನ ಪಾಸ್‌ವರ್ಡ್, ಕಳ್ಕೊಂಡ್ರೆ ಬಯ್ಯೋಕೂ ಯಾರೂ ಸಿಗಲ್ಲ, ನೋಡಿ."
ಹೆಸರಿನ ಖಾನೆಯಲ್ಲಿ ಪೂರ್ತಿ ಟೈಪ್ ಮಾಡಿದೆ. ಯಾರೂ ಪುರಾವೆ ಕೇಳಲಿಲ್ಲ. ಕಾರಿಗೆ ಬಂದು ಅತ್ತೆ.

ಏಪ್ರಿಲ್ 30
ಹೊಸ ಜಾಗದಲ್ಲಿ ಮೊದಲ ಕ್ಲಾಸ್. ಬಂದವರು ನಲವತ್ತೊಂದು. ಉಳಿದವರಿಗೆ ನಾನು ಎಲ್ಲಿದ್ದೇನೆಂದೇ ಗೊತ್ತಿಲ್ಲ. ಫೋಟೋಗಳು ಹೋದವು. ಒಬ್ಬ ಶಿಷ್ಯೆ ಮಾತ್ರ ಒಂದನ್ನು ಉಳಿಸಿಕೊಂಡಿದ್ದಳು, ಕಳಿಸಿದಳು — ಅಕ್ಕ ಹಲ್ಲಲ್ಲಿ ದಾರ ಕಚ್ಚಿಕೊಂಡು ನಗುತ್ತಿದ್ದಾಳೆ.

ಮೇ 10, ಮಧ್ಯಾಹ್ನ
ಈಗ ಶನಿವಾರ ಡರ್ಕ್ ಪಕ್ಕ ನಾನೂ ಕೂರುತ್ತೇನೆ. ಇವತ್ತು ನಮ್ಮ ಬೀದಿಯ ಅಗಾಥಾ ಅಜ್ಜಿ ಬಂದಳು. ಎಂಬತ್ತನಾಲ್ಕು ವರ್ಷ.
"ನಂಗೂ ಅಂಥದ್ದೊಂದು ವಿಳಾಸ ಮಾಡ್ಕೊಡೇ."
"ಅಗಾಥಾ ಅಂತ ಹಾಕ್ಲಾ?"
"ಅದು ಆರು ವರ್ಷಕ್ಕೇ ನಮ್ಮನ್ನ ಮನೆಯಿಂದ ಎಳ್ಕೊಂಡ್ಹೋಗಿ ಹಾಕಿದ ಬೋರ್ಡಿಂಗ್ ಶಾಲೇಲಿ ಚರ್ಚಿನ ಸಿಸ್ಟರ್‌ಗಳು ಇಟ್ಟಿದ್ದು. ಅದಕ್ಕೂ ಮುಂಚೆ ನಮ್ಮಮ್ಮ ಬೇರೇನೋ ಕರೀತಿದ್ಲು. ಅದನ್ನ ಹಾಕ್ಬೋದಾ? ಯಾರಾದ್ರೂ ಬೇಡ ಅಂತಾರಾ?"
"ಇಲ್ಲಿ ಯಾರೂ ಅನ್ನಲ್ಲ, ಅಜ್ಜಿ."
ಎಪ್ಪತ್ತೆಂಟು ವರ್ಷದಿಂದ ಆ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲವಂತೆ. ಕಾದೆ. ಡರ್ಕ್ ಕಿಟಕಿ ಕಡೆ ತಿರುಗಿಕೊಂಡ. ಆಮೇಲೆ ಅಜ್ಜಿ ನನ್ನ ತೋಳು ಹಿಡಿದು, ಕಿವಿಯ ಹತ್ತಿರ ಬಗ್ಗಿ, ಆ ಹೆಸರನ್ನು ಹೇಳಿದಳು.